ಮಗ್ಗದ ಮೇಲಿನ ಅರ್ಧ ಸೀರೆ

೯ ಮೇ ೨೦೨೫, ಶುಕ್ರವಾರ. ಬನಹಟ್ಟಿ

ಇವತ್ತೂ ಗಡಿಯಿಂದ ನಮ್ಮವರ ಫೋನ್ ಬರಲಿಲ್ಲ. ಮಗಳು ಮಲಗಿದ್ದಾಳೆ, ನನಗೆ ನಿದ್ದೆಯಿಲ್ಲ.

ರಜೆ ಮುಗಿಯುವ ಮೊದಲೇ ಕರೆ ಬಂದು, ಕೈಮಗ್ಗದಲ್ಲಿ ಸೀರೆಯನ್ನು ಅರ್ಧಕ್ಕೇ ಬಿಟ್ಟು ಹೋದರು. ಬೇರೆಯವರು ಮುಟ್ಟಿದರೆ ಗಡಿಯಲ್ಲಿ ಅವರಿಗೇನಾದೀತೋ ಎಂದು ಹೆದರಿ ಅದಕ್ಕೆ ಚಾದರ ಹೊದಿಸಿಟ್ಟಿದ್ದೆ. ಮಧ್ಯಾಹ್ನ ಅವರ ಅಜ್ಜಿ ಶೇವಂತವ್ವ ಆ ಚಾದರ ಎಳೆದು ಹಾಕಿದರು.

"ಡಿಗ್ರಿ ಓದಿ ಮಗ್ಗಕ್ಕ ಹೆದರ್ತಿಯೇನ ಬೇ? ಎಪ್ಪತ್ತೊಂದರ ಯುದ್ಧಕ್ಕ ನಿಮ್ಮಜ್ಜಾರೂ ಹಿಂಗ ಬಿಟ್ಟು ಹ್ವಾದ್ರು. ಮರುದಿನಾನ ನಾ ಕುಂತು ನೇಯ್ದೆ. ಮಕ್ಕಳ ಹೊಟ್ಟಿ ಕೇಳತೈತೇನ?"

"ಆ ಸೀರಿ ಏನಾತ್ರಿ ಅಜ್ಜಿ?"

"ನೇಯ್ಗಿಯೊಳಗ ಎರಡು ಕೈ ಕಾಣ್ತಾವು ಅಂತ ಸಾವಕಾರ ಒಲ್ಲೆ ಅಂದ. ಅದನ್ನ ಉಟ್ಟು ಕುಡಚಿ ಸ್ಟೇಶನ್ನಿಗೆ ಹ್ವಾದೆ. ರೈಲು ಇಳಿದ ನಿಮ್ಮಜ್ಜಾರು ನನ್ನ ಸೆರಗ ಹಿಡಿದು, 'ಇಲ್ಲಿಂದ ನಿನ್ನ ಸಿಟ್ಟು ಸುರು ಆಗೇತಿ ನೋಡ, ಎಷ್ಟ್ ಬಿಗಿ ಬಡದಿ!' ಅಂದ್ರು."

ಅಜ್ಜಿ ಹೊಸ ಮದುಮಗಳಂತೆ ನಾಚಿ ನಕ್ಕರು. ಆ ನಗು ಇನ್ನೂ ಕಣ್ಣೆದುರಿಗಿದೆ.

ಸಂಜೆ ನಾನೂ ಕುಳಿತೆ. ಕಣ್ಣು ಒರೆಸಿಕೊಳ್ಳುತ್ತ ನೇಯ್ದದ್ದಕ್ಕೆ ನೇಯ್ಗೆ ಸಡಿಲಾಯಿತು, ಆದರೂ ಬಿಚ್ಚಲಿಲ್ಲ. ಅವರು ಅದನ್ನು ನೋಡಿ ಅಳುಬುರುಕಿ ಎನ್ನಲಿ, ಕೈಯೇ ಬರುವುದಿಲ್ಲ ಎನ್ನಲಿ. ಮನೆಗೆ ಬಂದು ಎನ್ನಲಿ, ಅಷ್ಟೇ...