ಮಷೀನು ಒಂದು ಕಡೆ, ಮೀಟರು ಒಂದು ಕಡೆ

ಅಪ್ಪಾ,

ನಂದಗುಡಿ ಮನೆಯಲ್ಲಿ ನಮ್ಮ ನಾಲ್ಕೂ ಮಗ್ಗದ ಮಷೀನು ಓಡುತ್ತಿದ್ದವು, ಕನಸಿನಲ್ಲಿ. ಕರೆಂಟಿನ ತಂತಿಯೇ ಇರಲಿಲ್ಲ, ಆದರೂ ಓಡುತ್ತಿದ್ದವು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುತ್ತಿತ್ತು, ಸೀರೆ ಮಾತ್ರ ಬರುತ್ತಿರಲಿಲ್ಲ. ಬರೀ ನೂಲಿನ ಧೂಳು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಿನ್ನ ಮೊಮ್ಮಗಳು ಪಲ್ಲವಿ, ನಮ್ಮಮ್ಮನ ದೇವರ ಮನೆ ಹೊಸ್ತಿಲ ಮೇಲೆ ಕೂತು ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಬಾಯಿಂದ ಬೆಳ್ಳಗೆ... ನಾನು ಮೇನ್ ಸ್ವಿಚ್ಚು ಹುಡುಕುತ್ತಾ ಗೋಡೆಯನ್ನೆಲ್ಲ ತಡವಿದೆ. ಸ್ವಿಚ್ಚೇ ಇಲ್ಲದ ಮನೆಯಲ್ಲಿ ಏನನ್ನು ಆಫ್ ಮಾಡಲಿ?

ಎಚ್ಚರವಾದಾಗ ಬಾಯಲ್ಲಿ ನಿಜವಾಗಿಯೂ ನೂಲಿನ ರುಚಿ ಇತ್ತು. ಸುಶೀಲ ನೀರು ಕೊಟ್ಟು, "ದಿನಾ ನನಗ್ ಹೇಳಿ ಏನ್ ಪ್ರಯೋಜನ, ಹೇಳ್ಬೇಕಾದೋರಿಗೆ ಹೇಳ್ಕೊಳ್ಳಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಪತ್ರ ಬರೆಯುವುದನ್ನು ಕಲಿಸುವಾಗ, ಮೊದಲು ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು ಎಂದಿದ್ದರು. ಮುಂದಿನ ಪಾಠಕ್ಕೆ ನಾನು ಹೋಗಲಿಲ್ಲ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ನೀನು ಕೂರಿಸಿಕೊಂಡಿದ್ದೆ. ಕ್ಷೇಮ ಇಲ್ಲದಿದ್ದರೆ ಏನು ಬರೆಯಬೇಕು ಅನ್ನುವುದು ಆ ಪಾಠದಲ್ಲಿತ್ತೋ ಏನೋ.

ಮಷೀನು ನಿಲ್ಲಿಸಿ ಊಟಕ್ಕೆ ಕೂತ ಮೇಲೂ ನಾನು ಎದ್ದು ಹೋಗಿ ಮೇನ್ ಸ್ವಿಚ್ಚು ಆಫ್ ಆಗಿದೆಯಾ ಅಂತ ನೋಡಿ ಬರುತ್ತಿದ್ದೆನಲ್ಲ, ನೀನು ತುತ್ತು ಕೈಯಲ್ಲಿ ಹಿಡಿದು ನಗುತ್ತಿದ್ದೆ. "ನಾನ್ ನೋಡಿದೀನಿ ಕಣೋ, ಕೂತ್ಕೊ" ಎನ್ನುತ್ತಿದ್ದೆ. ನೀನು ನೋಡಿದ್ದೀಯ ಅಂದರೆ ನನಗೆ ಸಮಾಧಾನ. ನಾನೇ ನೋಡಿದ್ದರೆ ಸಮಾಧಾನವಿಲ್ಲ, ಮತ್ತೆ ನೋಡಬೇಕು ಅನ್ನಿಸುತ್ತದೆ. ಈಗ ಈ ಮನೆಯಲ್ಲಿ "ನೋಡಿದೀನಿ" ಅನ್ನುವವರು ಯಾರೂ ಇಲ್ಲ. ಅಣ್ಣ ಬಂದರೆ ನೋಡುತ್ತಾನೆ. ಅವನು ನೋಡುವುದು ಗೋಡೆಗೆ ಎಷ್ಟು ಬೆಲೆ ಅಂತ.

ಹೋದ ಚಳಿಗಾಲ ಪಲ್ಲವಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಲು ಶುರು ಮಾಡಿದ್ದು ನಿನಗೆ ಗೊತ್ತು. ಎರಡು ದಿಂಬು ಸಾಲದೆ ನಿನ್ನ ದಿಂಬನ್ನೂ ತಂದು ಅವಳ ಬೆನ್ನಿಗೆ ಇಟ್ಟವನು ನೀನೇ. ಕೆಮ್ಮಿ ಕೆಮ್ಮಿ ಅವಳ ಕತ್ತಿನ ನರ ಹಗ್ಗದ ಹಾಗೆ ಕಾಣುತ್ತಿತ್ತು. ಡಾಕ್ಟರು ಧೂಳಿನಿಂದ ದೂರ ಇಡಿ ಎಂದರು. ಎಲ್ಲಿ ದೂರ ಇಡುವುದು? ಮುಂದಿನ ಹಜಾರದಲ್ಲಿ ಮಷೀನು, ಹಿಂದಿನ ಎರಡು ಕೋಣೆಯಲ್ಲಿ ನಾವು. ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಅದರ ಮೇಲೂ ಎಳೆ. ನೀನು ಹೋದ ಮೇಲೆ ಅವಳು ಇನ್ನೂ ಸೊರಗಿದಳು. ಆಮೇಲೆ ಮನೆಗಳ ಮಾತು ಬಂತು.

ತಿಥಿಯ ಊಟದ ಎಲೆ ಎತ್ತುವ ಮೊದಲೇ ಬಂತು ಅಪ್ಪ. ಚಿಕ್ಕಪ್ಪ ವಡೆ ತಿಂದ ಕೈಯನ್ನು ಪಂಚೆಗೆ ಒರೆಸಿಕೊಂಡು, ಇನ್ನು ಪಾಲಿನ ವಿಷಯ ಎಂದ. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತೇ ಇದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಎತ್ತಿಕೊಳ್ಳಬೇಕು. ನೀನೂ ಚಿಕ್ಕಪ್ಪನೂ ಹಾಗೇ ಪಾಲಾದವರು. ಹಿರಿಯವನು ಮೋಸ ಮಾಡಿದರೆ ಮೋಸದ ಪಾಲು ಅವನಿಗೇ ಉಳಿಯುತ್ತದೆ, ಅದಕ್ಕೇ ಸರಿಯಾಗಿ ಮಾಡುತ್ತಾನೆ ಅಂತ ನೀನು ನನಗೆ ಬಿಡಿಸಿ ಹೇಳಿದ್ದೆ. ಕಿರಿಯವನು ಯಾವುದನ್ನು ಎತ್ತುತ್ತಾನೆ ಅಂತ ಹಿರಿಯವನಿಗೆ ಮೊದಲೇ ಗೊತ್ತಿದ್ದರೆ? ಅದನ್ನು ನೀನು ಹೇಳಲಿಲ್ಲ.

ಅಣ್ಣ ಮಾಡಿದ ಪಾಲು ಕೇಳು. ದೊಡ್ಡಬಳ್ಳಾಪುರದ ಈ ಪೇಟೆ ಮನೆ ಒಂದು ಪಾಲು. ಅಮ್ಮನ ತವರಿನಿಂದ ಬಂದ ನಂದಗುಡಿ ಮನೆ, ಅದರ ಜೊತೆಗೆ ನಾಲ್ಕೂ ಮಷೀನು, ಇನ್ನೊಂದು ಪಾಲು. ಮಷೀನು ಓಡಿಸುವ ಮೂರು ಫೇಸಿನ ಕರೆಂಟು, ಮೀಟರು, ಎಲ್ಲಾ ಪೇಟೆ ಮನೆಯಲ್ಲಿ. ಮಷೀನು ಮಾತ್ರ ನಂದಗುಡಿಗೆ. ಅಲ್ಲಿ ಬೀದಿಗೇ ಆ ಕರೆಂಟಿಲ್ಲ, ಅಕ್ಕಪಕ್ಕದವರು ಹಸು ಕಟ್ಟಿರುವವರು, ಮಷೀನಿನ ಸದ್ದಿಗೆ ಹಾಲು ಬತ್ತುತ್ತದೆ ಅಂತ ಈಗಲೇ ಮುಖ ತಿರುಗಿಸುತ್ತಾರೆ. ಚಪ್ಪಲಿ ಒಬ್ಬನಿಗೆ, ಕಾಲು ಒಬ್ಬನಿಗೆ ಕೊಟ್ಟ ಹಾಗೆ. ಚಿಕ್ಕಪ್ಪ ತಲೆಯಾಡಿಸಿ, ಪೇಟೆ ಮನೆಗೆ ಬೆಲೆ ಜಾಸ್ತಿ, ಈ ಕಡೆ ಮಷೀನು ಸೇರಿಸಿದಾನೆ, ಸಮ ಆಯ್ತು ಎಂದು ಎಲೆಅಡಿಕೆ ಉಗಿದ. ಎಲ್ಲಿಗೆ ಉಗಿದ ಗೊತ್ತಾ? ನೀನು ನೂಲಿನ ಗಂಟು ಇಡುತ್ತಿದ್ದ ಮೂಲೆಗೆ.

ನೀನು ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು, ಮಷೀನು ಕೈಬಿಡಬೇಡ ಎಂದೆಯಲ್ಲ, ಆಗ ಅಣ್ಣ ಕಾಲ ಬಳಿ ನಿಂತಿದ್ದ. ನಾನು ಅತ್ತೆ. ಅವನು ಆ ಮಾತನ್ನು ಜೇಬಿಗೆ ಹಾಕಿಕೊಂಡ. ತಮ್ಮ ಗೋವಿಂದ ಮಷೀನಿನ ಹಿಂದೆ ಹೋಗೇ ಹೋಗುತ್ತಾನೆ, ಪೇಟೆ ಮನೆ ತನಗೆ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ನಿನ್ನ ಕೊನೇ ಮಾತನ್ನು ಹೀಗೂ ಬಳಸಬಹುದು ಅಂತ ನಿನಗಾದರೂ ಹೊಳೆದಿತ್ತಾ?

ಅಮ್ಮ ಇದ್ದಾಗ ನಂದಗುಡಿಗೆ ಹೋದರೆ ಹೊಸ್ತಿಲಲ್ಲೇ ಸಗಣಿ ಸಾರಿಸಿದ ವಾಸನೆ ಬರುತ್ತಿತ್ತು. ಪಾಲು ಎತ್ತುವ ಮೊದಲು ಒಂದು ಸಲ ನೋಡಿ ಬರೋಣ ಅಂತ ಸುಶೀಲಳನ್ನೂ ಪಲ್ಲವಿಯನ್ನೂ ಕರೆದುಕೊಂಡು ಹೋದೆ. ಹಿತ್ತಲು ಚೆನ್ನಾಗಿಯೇ ಇದೆ. ಸೀಬೆ ಮರದ ಕೆಳಗೆ ಪಲ್ಲವಿ ಓಡಿದಳು ಅಪ್ಪ, ಓಡಿ ಬಂದು ನನ್ನ ಮುಂದೆ ನಿಂತು ಉಸಿರಾಡಿ ತೋರಿಸಿದಳು. ನನ್ನ ಮನಸ್ಸು ಅಲ್ಲೇ ಕರಗಿತು. ಆಮೇಲೆ ಮನೆ ಬಾಗಿಲು ತೆಗೆದೆ.

ಜಾಗ ತೋರಿಸುವ ದಲ್ಲಾಳಿಗಳಿಗೆ ಅಣ್ಣ ಬೀಗದ ಕೈ ಕೊಟ್ಟಿದ್ದನಂತೆ. ಯಾವುದೋ ಯೋಜನೆಗೆ ಆ ಕಡೆ ಜಮೀನು ಹೋಗುತ್ತದೆ ಅನ್ನುವ ಸುದ್ದಿ ಇದೆಯಲ್ಲ, ಇವನೂ ಅವರ ಜೊತೆ ಓಡಾಡುತ್ತಿದ್ದಾನೆ. ಅಮ್ಮನ ದೇವರ ಮನೆಯಲ್ಲಿ ಕೂತು ಬಿರಿಯಾನಿ ತಿಂದಿದ್ದಾರೆ. ದೀಪ ಇಡುವ ಗೂಡಿನಲ್ಲಿ ಮೂಳೆ, ಮೂಳೆಯ ಮೇಲೆ ಇರುವೆ. ಖಾಲಿ ಬಾಟಲಿಯನ್ನು ಗಂಟೆ ತೂಗುವ ಮೊಳೆಗೆ ದಾರ ಕಟ್ಟಿ ನೇತು ಹಾಕಿದ್ದಾರೆ, ತಮಾಷೆಗೆ. ಒಲೆಯ ಮೂಲೆಯಲ್ಲಿ ಉಚ್ಚೆಯ ನಾತ. ಸುಶೀಲ ಸೆರಗನ್ನು ಮೂಗಿಗೆ ಒತ್ತಿ ಆಚೆ ಹೋಗಿ ವಾಂತಿ ಮಾಡಿದಳು. ಅಣ್ಣನಿಗೆ ಫೋನು ಮಾಡಿದೆ.

"ತೊಳೆದ್ರೆ ಹೋಗ್ತದೆ ಬಿಡೋ. ಅಷ್ಟಕ್ಕೆಲ್ಲ ಫೋನ್ ಮಾಡ್ತಾರಾ?" ಎಂದ.

ತೊಳೆದರೆ ಹೋಗುತ್ತದೆ, ನಿಜ. ನೆಲದ್ದು ಹೋಗುತ್ತದೆ. ಬಸ್ಸಿನಲ್ಲಿ ಬರುವಾಗ ನನ್ನ ಅಂಗೈಯನ್ನೇ ಮೂಸಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಕೂಲಿಗೆ ಹೋಗೋಣ ಅಂದರೆ ಮಗ್ಗವಿಲ್ಲ. ರಾತ್ರಿ ಮಗುವಿಗೆ ಉಸಿರು ಕಟ್ಟಿದರೆ ಹೊಸಕೋಟೆಯ ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕು. ಯಾವತ್ತು ಯಾರು ಬಂದು ಈ ಜಾಗ ಬಿಡಿ ಅನ್ನುತ್ತಾರೋ ಅದೂ ಗೊತ್ತಿಲ್ಲ. ಆದರೆ ಆ ಸೀಬೆ ಮರದ ಕೆಳಗೆ ಅವಳು ಓಡಿದ್ದು...

ಪೇಟೆ ಮನೆಯಾದರೂ ಸುಖವೇ? ನೀನೇ ಮೂಗು ಮುಚ್ಚಿಕೊಂಡು ಬಾಗಿಲು ತೆಗೆಯುತ್ತಿದ್ದೆ. ಮುಂದಿನ ಚರಂಡಿಯಲ್ಲಿ ಬಣ್ಣದ ನೀರು ಒಂದು ದಿನ ಕೆಂಪು, ಒಂದು ದಿನ ಹಸಿರು, ಅದರ ಮೇಲೆ ನೊರೆ, ನೊರೆಯ ಮೇಲೆ ಸತ್ತ ಹೆಗ್ಗಣ. ನಲ್ಲಿಯಲ್ಲಿ ನೀರು ಬಂದಾಗ ಬಂತು. ಆದರೆ ಆಸ್ಪತ್ರೆ ಕೂಗಳತೆಯಲ್ಲಿದೆ, ಪಲ್ಲವಿಯ ಸ್ಕೂಲಿದೆ, ಮನೆ ಮನೆಯಲ್ಲೂ ಮಗ್ಗ ಇರುವುದರಿಂದ ಕೆಲಸಕ್ಕೆ ಕಷ್ಟವಿಲ್ಲ. ನಂದಗುಡಿಯಿಂದ ವಾಪಸ್ಸು ಬಂದಾಗ ಅತ್ತಿಗೆ ನಮ್ಮ ಹಜಾರದಲ್ಲಿ ನಿಂತಿದ್ದಳು, ಕೈಯಲ್ಲಿ ಸೀಮೆಸುಣ್ಣ. ಶೆಟರು ಎಲ್ಲಿ ಬರಬೇಕು, ಸೀರೆ ಜೋಡಿಸುವ ಗಾಜಿನ ಬೀರು ಎಲ್ಲಿ ಬರಬೇಕು ಅಂತ ಗೋಡೆಗೆ ಗೆರೆ ಎಳೆದಿದ್ದಳು. ಅಂಗಡಿ ಮಾಡುತ್ತಾರಂತೆ. ಎತ್ತಬೇಕಾದವನು ನಾನು, ನಾನಿನ್ನೂ ಎತ್ತಿರಲಿಲ್ಲ. ಒಂದು ಗೆರೆ ನಿನ್ನ ಫೋಟೋದ ಕೆಳಗೇ ಹೋಗಿತ್ತು. ಕಾಫಿ ಕುಡೀತೀರಾ ಎಂದಳು, ನಮ್ಮ ಮನೆಯಲ್ಲಿ ನಮ್ಮನ್ನೇ.

ನಿನಗೆ ತೀರ್ಮಾನ ಹೇಳಬೇಕಾದಾಗಲೆಲ್ಲ ನೀನು ಬೀಡಿ ಹಚ್ಚುತ್ತಿದ್ದೆ. ನನಗೆ ಬೀಡಿಯೂ ಇಲ್ಲ. ಊಟ ಸೇರಲಿಲ್ಲ. ನಂದಗುಡಿ ಅಂದುಕೊಂಡರೆ ಆ ಗೂಡಿನ ಮೂಳೆ ಕಣ್ಣಿಗೆ ಬರುತ್ತಿತ್ತು, ಪೇಟೆ ಅಂದುಕೊಂಡರೆ ನಿನ್ನ ಮಾತು ಕಿವಿಗೆ ಬರುತ್ತಿತ್ತು. ಮಷೀನು ಬಿಟ್ಟು ಹೇಗಿರಲಿ ಎಂದು ಸುಶೀಲಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

"ಕೂಲಿಗೆ ಮಷೀನು ಬೀದಿ ತುಂಬಾ ಇವೆ ಕಣ್ರೀ. ಪಲ್ಲವಿಗೆ ಇನ್ನೊಂದು ಎದೆ ಯಾವ ಬೀದೀಲಿದೆ?"

ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದಳು. ಅಣ್ಣ ಮಷೀನನ್ನು ಈ ಮನೆಯಿಂದ ಬೇರೆ ಮಾಡಿದ್ದಾನಲ್ಲ, ಈ ಮನೆ ಎತ್ತಿಕೊಂಡರೆ ಮಷೀನು ತಾನಾಗಿ ಆಚೆ ಹೋಗುತ್ತದೆ. ಧೂಳೂ ಅದರ ಜೊತೆ ಹೋಗುತ್ತದೆ. ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ, ಅವನೇ ಮಾಡಿಕೊಟ್ಟಿದ್ದಾನೆ. ಇದು ನನಗೆ ಯಾಕೆ ಹೊಳೆಯಲಿಲ್ಲ? ಅಸಹ್ಯಪಡುವುದರಲ್ಲೇ ಮುಳುಗಿದ್ದೆ ಅಪ್ಪ.

ನಿನ್ನ ಪಾಲಿನ ದಿನ ಇದ್ದ ಹಿತ್ತಾಳೆ ತಟ್ಟೆಯೇ ನಮ್ಮ ಪಾಲಿನ ದಿನವೂ. ಎರಡು ವೀಳ್ಯದೆಲೆ, ಒಂದೊಂದರ ಮೇಲೆ ಒಂದೊಂದು ಬೀಗದ ಕೈ. ಅಣ್ಣ ಹಿಂದಿನ ದಿನ ಚಿಕ್ಕಪ್ಪನಿಗೆ ಬಾಡೂಟ ಹಾಕಿಸಿದ್ದ, ಚಿಕ್ಕಪ್ಪನ ಉಗುರಿನ ಸಂದಿಯಲ್ಲಿ ಮಸಾಲೆಯ ಅರಿಶಿನ ಇನ್ನೂ ಇತ್ತು. ಅದೇ ಕೈಯಲ್ಲಿ ತಟ್ಟೆ ನನ್ನ ಮುಂದೆ ತಳ್ಳಿದ. ಪಲ್ಲವಿ ಒಳಗೆ ಕೆಮ್ಮಿದಳು. ನೇಯುವವರ ಮನೆಯಲ್ಲಿ ಕೆಮ್ಮು ಇದ್ದದ್ದೇ ಎಂದು ಅಣ್ಣ ಹೇಳಿದ. ನಿನಗೆ ಕೆಮ್ಮು ಬಂದಾಗ ನೀನು ಹೇಳುತ್ತಿದ್ದ ಮಾತು. ನೀನು ನಿನ್ನ ಕೆಮ್ಮಿಗೆ ಹೇಳಿಕೊಂಡೆ. ಅವನು ನನ್ನ ಮಗಳ ಕೆಮ್ಮಿಗೆ ಹೇಳಿದ. ಎರಡೂ ಒಂದೇನಾ?

"ಎತ್ಕೊಳ್ಳೋ ಗೋವಿಂದ. ಅಪ್ಪ ಏನ್ ಹೇಳಿದ್ರು ಅಂತ ನೆನಪಿದೆ ತಾನೆ?" ಎಂದ.

"ನೆನಪಿದೆ ಅಣ್ಣ" ಎಂದು ಪೇಟೆ ಮನೆಯ ಬೀಗದ ಕೈ ಎತ್ತಿಕೊಂಡೆ.

ಅಣ್ಣನ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಅತ್ತಿಗೆ ಗೋಡೆಯ ಗೆರೆ ನೋಡಿದಳು. ಸ್ವಲ್ಪ ಹೊತ್ತಿಗೆ ಅಣ್ಣ ಸುಧಾರಿಸಿಕೊಂಡು ಹೆಗಲ ಮೇಲೆ ಕೈ ಹಾಕಿ, ಅದಲುಬದಲು ಮಾಡಿಕೊಳ್ಳೋಣ ಎಂದ. ಎತ್ತಿದ ಮೇಲೆ ಇಡುವ ಹಾಗಿಲ್ಲ ಅಂತ ಚಿಕ್ಕಪ್ಪನೇ ಹೇಳಬೇಕಾಯಿತು, ಊಟದ ಋಣ ಇದ್ದರೂ. ಆಗ ಅಣ್ಣ ಇನ್ನೊಂದು ಮಾತು ತೆಗೆದ. ಮಷೀನು ಇಲ್ಲೇ ಇರಲಿ, ನೀನೇ ಓಡಿಸು, ನನಗೆ ಬಾಡಿಗೆ ಕೊಟ್ಟರೆ ಸಾಕು. ನನ್ನ ಜೀವ ಅಲ್ಲಾಡಿತು ಅಪ್ಪ. ಒಂದು ಹೂಂ ಅಂದಿದ್ದರೆ ನಿನ್ನ ಮಷೀನು ನಿನ್ನ ಹಜಾರದಲ್ಲೇ ಇರುತ್ತಿದ್ದವು, ನಿನ್ನ ಮಾತೂ ಉಳಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ಪಲ್ಲವಿ ಗೋಡೆಗೆ ಒರಗಿ ಕೂತಿದ್ದು ಕಾಣುತ್ತಿತ್ತು. ಬೇಡ ಅಣ್ಣ ಎಂದೆ. ಹೆಗಲ ಮೇಲಿನ ಕೈಯನ್ನು ನಾನೇ ತೆಗೆದೆ. ಅದು ಬೆವರಿ ಒದ್ದೆಯಾಗಿತ್ತು, ಅಂಗಿ ಬಿಚ್ಚಿ ಒಗೆಯಲು ಹಾಕಿದೆ.

ಲಾರಿಗೆ ಮಷೀನು ಏರಿಸುವಾಗ ನೀನಿದ್ದಿದ್ದರೆ ನೋಡುತ್ತಿರಲಿಲ್ಲ, ಒಳಗೆ ಹೋಗುತ್ತಿದ್ದೆ. ನಾನು ನೋಡಿದೆ. ಈಗ ನಂದಗುಡಿಯ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತಿವೆಯಂತೆ. ಗುಜರಿಯವನನ್ನು ಅಣ್ಣ ಕರೆಸಿದ್ದ ಅಂತ ಯಾರೋ ಹೇಳಿದರು. ಕೇಳಿ ಮತ್ತೆ ಹೇಸಿಗೆಯಾಯಿತು, ಆದರೆ ಹೋಗಿ ಜಗಳ ಮಾಡಲಿಲ್ಲ. ನೀನು ಕೈಬಿಡಬೇಡ ಎಂದೆ, ನಾನು ಬಿಟ್ಟೆ. ಇದನ್ನು ಬೇರೆ ಯಾರಿಂದಲೋ ನೀನು ಕೇಳುವುದು ಬೇಡ ಅಂತಲೇ ಇಷ್ಟು ಬರೆದದ್ದು. ಎರಡು ಮನೆ ಆಚೆ ಮುನಿರಾಜಣ್ಣನ ಮಷೀನಿನಲ್ಲಿ ಕೂಲಿಗೆ ನೇಯುತ್ತಿದ್ದೇನೆ. ಹಿತ್ತಲಲ್ಲಿ ಬಟ್ಟೆ ಒದರಿ, ತಲೆಗೆ ನೀರು ಹಾಕಿಕೊಂಡು, ಆಮೇಲೆ ಒಳಗೆ ಬರುತ್ತೇನೆ. ಮುನಿರಾಜಣ್ಣ ನಗುತ್ತಾನೆ. "ಏನಪ್ಪಾ, ದಿನಾ ಸೂತಕಾನಾ ನಿನಗೆ?" ಎನ್ನುತ್ತಾನೆ. ನಗಲಿ.

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಪಲ್ಲವಿ ಮಲಗಿದಳು. ಕೂತುಕೊಂಡಲ್ಲ, ಒಂದೇ ದಿಂಬಿಟ್ಟು ಅಂಗಾತ ಮಲಗಿದಳು. ಕೆಮ್ಮು ಪೂರ್ತಿ ಹೋಗಿಲ್ಲ, ಬೀದಿಯ ಧೂಳು ಬೀದಿಯಲ್ಲಿ ಇದ್ದೇ ಇದೆ. ಆದರೆ ಮಲಗಿದಳು. ನಾನು ಪಕ್ಕದಲ್ಲಿ ಕೂತು ಹೊಟ್ಟೆ ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದೆ. ನಿನ್ನ ದಿಂಬನ್ನು ಬಿಸಿಲಿಗೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ, ಕೈಗೆ ಸಿಗುವ ಹಾಗೆ. ಮತ್ತೆ ಬೇಕಾದರೆ ಅಂತ.

ಹಜಾರ ಖಾಲಿ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ. ಸೀಮೆಸುಣ್ಣದ ಗೆರೆ ಒರೆಸಿದ್ದೇನೆ, ಚಿಕ್ಕಪ್ಪ ಉಗಿದ ಮೂಲೆಯನ್ನು ಉಜ್ಜಿ ತೊಳೆದಿದ್ದೇನೆ. ಮೇನ್ ಸ್ವಿಚ್ಚೊಂದು ಗೋಡೆಯಲ್ಲಿ ಹಾಗೇ ಇದೆ. ಈಗ ಅದರಿಂದ ಯಾವ ಮಷೀನಿಗೂ ತಂತಿ ಹೋಗುವುದಿಲ್ಲ. ಆಫ್ ಮಾಡಿದ್ದೇನೆ, ಎದ್ದು ಹೋಗಿ ಇನ್ನೊಂದು ಸಲ ನೋಡಿಯೂ ಬಂದೆ. ಆದರೂ ಅಪ್ಪ, ನೀನೊಂದು ಸಲ ನೋಡಿಬಿಡು.

ನಿನ್ನ
ಗೋವಿಂದ