ಮೂರು ಕೊಳವೆಗಳ ಲೌನೆದ್ದಾಸ್

ಸಾನ್ ವೀತೊ, ಸಾರ್ದಿನಿಯಾ
೧೩ ಫೆಬ್ರವರಿ ೧೯೭೮

ಪ್ರೀತಿಯ ನಾದಿನಿ ಬೊನಾರಿಯಾ,

ಹೇಗಿದ್ದೀಯೆ? ತೊರಿನೋದ ಚಳಿ ತಡೆಯುವಂತಿದೆಯೆ? ಲಾಂಡ್ರಿಯ ಬಿಸಿಯಿಂದ ಒಮ್ಮೆಲೇ ಹೊರಗಿನ ಗಾಳಿಗೆ ಹೋಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿನ್ನಣ್ಣ ಪ್ರಿಯಾಮೊ ಒಬ್ಬನನ್ನು ಬಿಟ್ಟು. ಕಾಯಿಲೆಯೇನಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಅಷ್ಟೆ.

ಮಾವ ತೀರಿಕೊಂಡ ಮೇಲೆ ನಮ್ಮೂರಲ್ಲಿ ಲೌನೆದ್ದಾಸ್ ಊದಿದವರಿಲ್ಲ, ಗೊತ್ತಲ್ಲ. ಹೋದ ವರ್ಷ ಪಕ್ಕದ ಮನೆಯ ಸೆವೆರಿನೊ ಮಗಳ ಮದುವೆಯಲ್ಲಿ ಬರೀ ಅಕಾರ್ಡಿಯನ್. ಹಳಬರು ಒಬ್ಬರೂ ಕುಣಿಯಲು ಏಳಲಿಲ್ಲ. ಮರುದಿನವೇ ನಿನ್ನಣ್ಣ ಅರ್ಧ ಮಾಡಿದ ಬಾಗಿಲನ್ನು ಗೋಡೆಗೆ ಒರಗಿಸಿ, ಜೊಂಡಿನ ಗಳ ಹುಡುಕುತ್ತ ಹೊಳೆದಂಡೆಗೆ ಹೋದ. ಮಾವನ ವಾದ್ಯ ಹುಳು ತಿಂದು ಪುಡಿಯಾಗಿತ್ತು, ಅಳತೆಗೂ ಉಳಿದಿರಲಿಲ್ಲ. ಕಿವಿಯ ನೆನಪಿನ ಮೇಲೆಯೇ ಎಲ್ಲ ಆಗಬೇಕು. ಕಡಿದು ತಂದದ್ದು ಒಣಗುವಾಗ ಸೀಳುಬಿಡುತ್ತಿತ್ತು, ಬಿಡದ್ದು ಕೀರಲು ದನಿ ಹೊರಡಿಸುತ್ತಿತ್ತು. ಕೆಟ್ಟದ್ದನ್ನೆಲ್ಲ ನಾನು ರೊಟ್ಟಿಯ ಒಲೆಗೆ ಹಾಕಿದೆ. "ಏನಮ್ಮಾ ಜೆಸುಯಿನಾ, ನಿನ್ನ ಗಂಡ ಟೊಮೇಟೊ ಗಿಡಕ್ಕೆ ಕೋಲು ಕಡಿದೂ ಕಡಿದೂ ಹೊಳೇನೇ ಬೋಳು ಮಾಡ್ಬಿಟ್ನಲ್ಲ" ಎಂದು ಸೆವೆರಿನೊ ದಿನಾ ಅಣಕಿಸುತ್ತಿದ್ದ.

ನಿನ್ನೆ ಭಾನುವಾರ ನಿನ್ನಣ್ಣ ಕೊಳವೆಯ ನಾಲಿಗೆಗೆ ಜೇನುಮೇಣ ಹಚ್ಚಿ, ಮೂರನ್ನೂ ಬಾಯಿಗಿಟ್ಟು ಊದಿದ. ಮಾವನದೇ ದನಿ, ಬೊನಾರಿಯಾ. ನಾನು ಹಿಟ್ಟಿನ ಕೈಯಲ್ಲೇ ಓಡಿಬಂದೆ. ಗೋಡೆಯಾಚೆ ಸೆವೆರಿನೊ ಟೋಪಿ ತೆಗೆದು ನಿಂತಿದ್ದ. ಆದರೆ ಎರಡು ಸಾಲು ಆಗುವಷ್ಟರಲ್ಲಿ ಉಸಿರು ಕಡಿದುಹೋಯಿತು. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಊದುತ್ತಲೇ ಮೂಗಿನಿಂದ ಉಸಿರೆಳೆಯುವುದು ಅವನಿಗೆ ಯಾವತ್ತೂ ಬರಲಿಲ್ಲ. ಚಿಕ್ಕಂದಿನಲ್ಲಿ ಮಾವ ನೀರಿನ ಲೋಟಕ್ಕೆ ಹುಲ್ಲುಕಡ್ಡಿ ಇಟ್ಟು, ಗುಳ್ಳೆ ನಿಲ್ಲದಂತೆ ಊದಿಸುತ್ತಿದ್ದುದು, ಅವನು ಕೆಮ್ಮುತ್ತಿದ್ದುದು, ನೀನು ಗುಳ್ಳೆ ನಿಲ್ಲಿಸದೆ ಊದಿ ತೋರಿಸಿದಾಗ "ಹುಡುಗಿ ಕೆನ್ನೆ ಉಬ್ಬಿಸ್ಕೊಂಡು ಕೂತ್ರೆ ಊರೆಲ್ಲ ನಗುತ್ತೆ" ಎಂದು ಮಾವ ಲೋಟ ಕಿತ್ತುಕೊಂಡದ್ದು, ಎಲ್ಲ ನನಗೆ ಹೇಳಿದ. ಆಗಿನಿಂದ ಹಲಗೆ ಹಿಡಿಯುತ್ತಾನೆ, ಬಿಡುತ್ತಾನೆ. ಗೇಟಿನವರೆಗೆ ಹೋಗುತ್ತಾನೆ, ಬರುತ್ತಾನೆ. ಊಟಕ್ಕೂ ನೆಟ್ಟಗೆ ಕೂರುವುದಿಲ್ಲ.

ಮಕ್ಕಳು ಅತ್ತೆಗೆ ಮುತ್ತು ಕಳಿಸಿದ್ದಾರೆ. ನಿನಗೆ ಹೆಸರು ಕೊಟ್ಟ ಬೊನಾರಿಯಾ ಮಾತೆ ನಿನ್ನನ್ನು ಕಾಯಲಿ.

ನಿನ್ನ ಅತ್ತಿಗೆ,
ಜೆಸುಯಿನಾ

ಮರೆತೆ: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ವಾದ್ಯದ ತೂತುಗಳು ತೀರ ಹತ್ತಿರ ಹತ್ತಿರ ಇವೆ, ನಿನ್ನಣ್ಣನ ದಪ್ಪ ಬೆರಳಿಗೆ ಕೂರುವುದೇ ಇಲ್ಲ. ಅಳತೆ ತಪ್ಪಿತಾ ಎಂದು ಈಗ ತಾನೇ ಕೇಳಿದೆ. "ತಪ್ಪಿಲ್ಲ ಕಣೇ. ಅವಳು ಬಿಟ್ಟುಹೋದ ಕೈಗವಸು ಇಟ್ಕೊಂಡು ಕೊರೆದದ್ದು. ಈಸ್ಟರ್‌ಗೆ ಬರ್ತಾಳಾ ಕೇಳು. ನಾನು ಕೇಳ್ದೆ ಅನ್ಬೇಡ" ಎಂದ. ಕೇಳಿದ್ದು ಅವನೇ. ಬಾ.