ಹೆಸರು ತಿಳಿದ ನೋವು

ನವೆಂಬರ್ 14, ಶುಕ್ರವಾರ

‘ಹೆಸರು ತಿಳಿದ ನೋವು ಅರ್ಧ ನೋವು’. ಎಲ್ಲಿ ಓದಿದ್ದೆನೋ, ಮುಂದಿನ ಸಾಲು ನೆನಪಿಲ್ಲ. ನಿಜವೇ ಅದು? ತಂಗಿ ಭುವನಾಳ ಹೊಟ್ಟೆಯ ಗಾಯದಲ್ಲಿ ಸೇರಿಕೊಂಡ ರೋಗಾಣುವಿನ ಹೆಸರು ಇವತ್ತು ಗೊತ್ತಾಯಿತು. ಅವಳ ನೋವು ಒಂದಿಷ್ಟೂ ಇಳಿಯಲಿಲ್ಲ.

ಗರ್ಭಕೋಶದ ಆಪರೇಷನ್ ಆಗಿ ಹತ್ತೊಂಬತ್ತು ದಿನ, ಕೀವು ನಿಂತಿಲ್ಲ. ಲ್ಯಾಬ್ ವರದಿಯಲ್ಲಿ ಹದಿನಾಲ್ಕು ಔಷಧಿಗಳ ಹೆಸರುಗಳಿವೆ. ಅವುಗಳಲ್ಲಿ ಹದಿಮೂರು ಈ ರೋಗಾಣುವಿನ ಮೇಲೆ ಕೆಲಸಕ್ಕೆ ಬಾರವು. ಉಳಿದ ಒಂದು ಇಂಜೆಕ್ಷನ್ ಕಿಡ್ನಿಗೆ ಕೆಟ್ಟದ್ದಂತೆ. ನಾಳೆಯಿಂದ ಅದೇ.

“ಹದಿಮೂರು ಫೇಲ್, ಒಂದು ಪಾಸ್. ನಿನ್ನ ಕ್ಲಾಸಿನಂಗ ಐತಲ್ಲಕ್ಕಾ” ಎಂದಳು ಭುವನಾ. ನನಗೆ ನಗು ಬರಲಿಲ್ಲ.

ಡಾಕ್ಟರ ಮೇಲೆ ರೇಗಿದೆ. ವಾರ್ಡಿನ ನಲ್ಲಿಯಲ್ಲಿ ನೀರಿಲ್ಲ, ಒಂದೇ ಗ್ಲೌಸಿನಲ್ಲಿ ಎರಡು ಹಾಸಿಗೆಯವರಿಗೆ ಡ್ರೆಸ್ಸಿಂಗ್ ಮಾಡುತ್ತಾರೆ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಅದು ಖರೇ ಐತ್ರಿ ಮೇಡಂ. ಆದ್ರ ಮಾತ್ರಿ ಅರ್ಧಕ್ಕ ಬಿಟ್ರ ರೋಗಾಣು ಔಷಧಕ್ಕ ಬಗ್ಗದಂಗ ಗಟ್ಟಿ ಆಗ್ತಾವ. ನಿಮ್ಮ ಮನ್ಯಾಗ ಅರ್ಧಕ್ಕ ಬಿಟ್ಟ ಆಂಟಿಬಯೋಟಿಕ್ ಮಾತ್ರಿ ಎಷ್ಟ್ ಅದಾವ?”

ಎದ್ದು ಬಂದೆ. ನಲ್ಲಿಯ ಮಾತು ಅಲ್ಲಿಗೇ ನಿಂತಿತು, ಆ ಸಿಟ್ಟು ಇನ್ನೂ ಇದೆ. ಆದರೆ ಅಡುಗೆಮನೆಯ ಬಿಸ್ಕತ್ತಿನ ಡಬ್ಬಿ ದಾರಿಯುದ್ದಕ್ಕೂ ಕಣ್ಣ ಮುಂದಿತ್ತು. ಉಳಿದ ಮಾತ್ರೆಗಳನ್ನೆಲ್ಲ ಅದರಲ್ಲಿ ಹಾಕಿಟ್ಟು, ಕೇಳಿದವರಿಗೆಲ್ಲ ಕೊಡುವವಳು ನಾನೇ.

ಸಂಜೆ ಬಾಗಿಲಲ್ಲಿ ಪಕ್ಕದ ಮನೆಯ ಉರುಕುಂದಮ್ಮ. ಹೋದ ವಾರ ಮೊಮ್ಮಗಳ ಜ್ವರಕ್ಕೆಂದು ಆ ಡಬ್ಬಿಯಿಂದ ಐದು ಮಾತ್ರೆ ಒಯ್ದಿದ್ದಳು. ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈ ಮೇಲಿಟ್ಟಳು.

“ಎರಡಕ್ಕ ಜ್ವರ ಬಿಡ್ತು ಟೀಚರಮ್ಮಾ. ಮೂರು ಉಳಿದಾವ, ಇಟ್ಕೋರಿ. ಇನ್ಯಾರಿಗಾರ ಆಗ್ತಾವ.”